ರಾಷ್ಟ್ರಗಳ ಸಿರಿಯಲ್ಲಿ ತಾರತಮ್ಯವೇಕೆ? ಚೀನಾ ಜಪಾನುಗಳ ರೇಷ್ಮೆಯ ನಿದರ್ಶನ

ಕೆಲವು ದೇಶಗಳು ಸಿರಿಯಲ್ಲಿ ಮುಂದುವರಿದಿವೆ. ಮತ್ತೆ ಕೆಲವು ದಾರಿದ್ರ್ಯದಲ್ಲಿಯೇ ತೊಳಲುತ್ತಿವೆ. ಈ ತಾರತಮ್ಯಕ್ಕೆ ಕಾರಣವೇನೆಂಬ ಪ್ರಶ್ನೆ ಅರ್ಥಶಾಸ್ತ್ರದಷ್ಟೇ ಹಳೆಯದು. 1776ರಲ್ಲಿ ಪ್ರಕಟವಾದ ಆಡಂ ಸ್ಮಿತ್ತನ ಮಹಾಗ್ರಂಥದ ಹೆಸರಿನಲ್ಲಿಯೇ ಆ ಪ್ರಶ್ನೆ ಅಡಗಿದೆ. ವಿದ್ವಾಂಸರು ಮಾತ್ರವಲ್ಲ, ನಾವೆಲ್ಲರೂ ಇದಕ್ಕೆ ಒಂದೊಂದು ಉತ್ತರವನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತೇವೆ. ಅವರ ನೆಲದಲ್ಲಿ ಕಲ್ಲಿದ್ದಲಿದೆ, ಕಬ್ಬಿಣವಿದೆ ಎನ್ನುವುದು ಒಂದು ಉತ್ತರ. ಅಲ್ಲಿಯ ಹವೆ ತಂಪು, ದುಡಿದರೂ ದಣಿವಿಲ್ಲ ಎನ್ನುವುದು ಇನ್ನೊಂದು. ಆ ಜನವೇ ಹಾಗೆ, ಹುಟ್ಟಿನಿಂದಲೇ ಕಷ್ಟಸಹಿಷ್ಣುಗಳು ಎನ್ನುವುದು ಮೂರನೆಯದು. ಈ ಮೂರನೆಯ ಉತ್ತರ ಎಲ್ಲಕ್ಕಿಂತ ಸುಲಭವಾದುದು. ಎಲ್ಲಕ್ಕಿಂತ ಅಪಾಯಕರವಾದುದೂ ಹೌದು. ಸಿರಿಯೆಂಬುದು ಹುಟ್ಟುಗುಣವೇ ಆಗಿದ್ದರೆ, ಬಡದೇಶವು ಮಾಡಬಹುದಾದ ಕೆಲಸವೇ ಉಳಿಯುವುದಿಲ್ಲವಷ್ಟೆ.

ಪದಾರ್ಥವಿಜ್ಞಾನದಲ್ಲಿ ಇಂತಹ ಸಂಶಯವನ್ನು ಪ್ರಯೋಗದಿಂದ ತೀರಿಸಿಕೊಳ್ಳಬಹುದು. ಉಳಿದ ಸಂಗತಿಗಳನ್ನೆಲ್ಲ ಒಂದೇ ಸಮನಾಗಿಟ್ಟು ಒಂದನ್ನು ಮಾತ್ರ ಬದಲಾಯಿಸಿ ಫಲವನ್ನು ನೋಡಬಹುದು. ಚರಿತ್ರೆ ಅಂತಹ ಸೌಕರ್ಯವನ್ನು ಒದಗಿಸುವುದಿಲ್ಲ. ಆದರೂ ಅಪರೂಪವಾಗಿ ಅದಕ್ಕೆ ಹತ್ತಿರವಾದ ಒಂದು ಸಂದರ್ಭ ನಮ್ಮ ಕಣ್ಣಿಗೆ ಬೀಳುವುದುಂಟು. ಎರಡು ನೆರೆಯ ನಾಡುಗಳು. ಒಂದೇ ಹುಳು, ಒಂದೇ ಸೊಪ್ಪು, ಒಂದೇ ನೂಲು. ಒಂದೇ ಹೊರಗಿನ ಪೇಟೆ. ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ ಬಂದ ಒಂದೇ ಯಂತ್ರ. ಫಲ ಮಾತ್ರ ಬೇರೆ ಬೇರೆ. ಚೀನಾ ಮತ್ತು ಜಪಾನುಗಳ ರೇಷ್ಮೆಯ ಚರಿತ್ರೆ ಅಂತಹುದು. ರೇಷ್ಮೆ ನಮ್ಮ ನಾಡಿನ ರೈತನಿಗೂ ಪರಿಚಿತವಾದ ಕಸಬಾದುದರಿಂದ ಈ ನಿದರ್ಶನವನ್ನೇ ನಾವು ಇಲ್ಲಿ ಆರಿಸಿಕೊಂಡಿದ್ದೇವೆ.

ರೇಷ್ಮೆಯ ವಿದ್ಯೆ ಹುಟ್ಟಿದುದು ಚೀನಾದಲ್ಲಿ. ಜಪಾನು ಅದನ್ನು ಕಲಿತದ್ದು ಅಲ್ಲಿಂದಲೇ. 19ನೆಯ ಶತಮಾನದ ಆದಿಯಲ್ಲಿ ಈ ಎರಡು ದೇಶಗಳ ಸಾಮಾನ್ಯ ಪ್ರಜೆಯ ಜೀವನದಲ್ಲಿ ಹೆಚ್ಚಿನ ಅಂತರವಿದ್ದಂತೆ ತೋರುವುದಿಲ್ಲ. ಚರಿತ್ರೆಯ ಅರ್ಥಶಾಸ್ತ್ರಜ್ಞರಾದ ಅಂಗಸ್ ಮ್ಯಾಡಿಸನ್ನರು ಕಟ್ಟಿದ ಲೆಕ್ಕದಂತೆ 1820ರಲ್ಲಿ ತಲೆಯೊಂದಕ್ಕೆ ಬರುತ್ತಿದ್ದ ವರಮಾನದಲ್ಲಿ ಜಪಾನು ಚೀನಾಕ್ಕಿಂತ ಸ್ವಲ್ಪವೇ ಮುಂದಿದ್ದಿತು. ಅದೇ ಲೆಕ್ಕದಂತೆ 1950ರ ಹೊತ್ತಿಗೆ, ಯುದ್ಧದಲ್ಲಿ ಸೋತು ಊರುಗಳು ಸುಟ್ಟುಹೋಗಿದ್ದ ಜಪಾನಿನ ವರಮಾನವೂ ಚೀನಾದ ವರಮಾನಕ್ಕಿಂತ ನಾಲ್ಕರಷ್ಟಿದ್ದಿತು. ಜಪಾನಿನಲ್ಲಿ ಕಬ್ಬಿಣ ಬಹಳ ಕಡಿಮೆ. ಉಳುವ ನೆಲವೂ ಕಡಿಮೆ. ಚೀನಾದಲ್ಲಿಯಾದರೋ ಎರಡೂ ಧಾರಾಳ. ಆದುದರಿಂದ ನೆಲದ ಉತ್ತರ ಇಲ್ಲಿ ನಿಲ್ಲುವುದಿಲ್ಲ.

ಹೊರಗಿನ ಅವಕಾಶ ಇಬ್ಬರಿಗೂ ಒಟ್ಟಿಗೆ ಬಂದಿತು. 1850ರ ದಶಕದಲ್ಲಿ ಪೆಬ್ರಿನ್ ಎಂಬ ಗಂಟುರೋಗವು ಫ್ರಾನ್ಸು ಇಟಲಿಗಳ ರೇಷ್ಮೆಹುಳುವನ್ನು ನಾಶಮಾಡತೊಡಗಿತು. ಯೂರೋಪಿನ ಮಗ್ಗಗಳಿಗೆ ನೂಲಿಲ್ಲದಂತಾಯಿತು. ಚೀನಾದ ನೂಲು ಅದಾಗಲೇ ಷಾಂಘೈ ಮತ್ತು ಕ್ಯಾಂಟನ್ ರೇವುಗಳಿಂದ ಹೋಗುತ್ತಿದ್ದಿತು. 1859ರಲ್ಲಿ ಜಪಾನಿನ ಯೊಕೊಹಾಮಾ ಬಂದರವೂ ವಿದೇಶೀ ವ್ಯಾಪಾರಕ್ಕೆ ತೆರೆಯಿತು. ಆಗ ಪೇಟೆಯಲ್ಲಿ ಹೆಸರಿದ್ದುದು ಚೀನಾದ ನೂಲಿಗೆ. ಬೇಡಿಕೆ ಏರಿದ ರಭಸದಲ್ಲಿ ಜಪಾನಿನ ವರ್ತಕರು ಒರಟು ನೂಲನ್ನೂ ಕೆಟ್ಟ ಮೊಟ್ಟೆಗಳನ್ನೂ ಒಳ್ಳೆಯದರೊಡನೆ ಬೆರೆಸಿ ಮಾರಿ ಅಪಕೀರ್ತಿಯನ್ನು ಪಡೆದರು. ಜಪಾನಿನ ಜನ ಹುಟ್ಟಿನಿಂದಲೇ ಪ್ರಾಮಾಣಿಕರು, ಅಚ್ಚುಕಟ್ಟಿನವರು ಎಂದು ಹೇಳುವವರು ಈ ಅಧ್ಯಾಯವನ್ನು ಮರೆಯುತ್ತಾರೆ.

1868ರಲ್ಲಿ ಜಪಾನಿನಲ್ಲಿ ಮೇಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಸ್ಥಾಪನೆಯಾಯಿತು. ಆ ಸರ್ಕಾರವು ಪಾಲ್ ಬ್ರ್ಯೂನಾ ಎಂಬ ಫ್ರೆಂಚ್ ತಜ್ಞನನ್ನು ನೇಮಿಸಿಕೊಂಡು, ತೊಮಿಯೊಕ ಎಂಬ ಊರಿನಲ್ಲಿ ನೂಲು ತೆಗೆಯುವ ಕಾರ್ಖಾನೆಯನ್ನು ಕಟ್ಟಿಸಿತು. 1872ರಲ್ಲಿ ಅದರ ಕೆಲಸ ಆರಂಭವಾಯಿತು. ಗೂಡು ಬೇಯಿಸುವ 300 ಬಾಣಲೆಗಳು ಅಲ್ಲಿ ಒಂದೇ ಸೂರಿನ ಕೆಳಗಿದ್ದವು. ಮೊದಲು ಕೆಲಸಕ್ಕೆ ಹೆಣ್ಣುಮಕ್ಕಳು ಬರಲಿಲ್ಲ. ಫ್ರೆಂಚರು ಕುಡಿಯುತ್ತಿದ್ದ ಕೆಂಪು ದ್ರಾಕ್ಷಾರಸವನ್ನು ಕಂಡು, ಇವರು ಮನುಷ್ಯರ ರಕ್ತವನ್ನು ಹೀರುತ್ತಾರೆಂಬ ವದಂತಿ ಹಳ್ಳಿಗಳಲ್ಲಿ ಹಬ್ಬಿದ್ದಿತು. ಕಾರ್ಖಾನೆಯ ಮುಖ್ಯಾಧಿಕಾರಿ ಒಡಕ ಅತ್ಸುತದ ತನ್ನ ಮಗಳನ್ನೇ ಮೊದಲ ಕೆಲಸಗಾರಳನ್ನಾಗಿ ಸೇರಿಸಿದನು. ಆಮೇಲೆ ಬೇರೆ ಬೇರೆ ಪ್ರಾಂತಗಳಿಂದ ಮನೆತನಸ್ಥರ ಹೆಣ್ಣುಮಕ್ಕಳು ಬಂದು ಕಲಿತರು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಚೀನಾದ ಕ್ಯಾಂಟನ್ ಪ್ರಾಂತದ ನಾನ್‌ಹಾಯ್ ಸೀಮೆಯಲ್ಲಿಯೂ ಅಂತಹುದೇ ಒಂದು ಕಾರ್ಖಾನೆ ಹುಟ್ಟಿತು. ಅದನ್ನು ಸ್ಥಾಪಿಸಿದವನು ಚೆನ್ ಚಿಯುವಾನ್ ಎಂಬ ವರ್ತಕ. ಅನ್ನಾಮಿನಲ್ಲಿ ವ್ಯಾಪಾರ ಮಾಡುತ್ತಿದ್ದಾಗ ಹೊಸ ವಿಧಾನವನ್ನು ಕಂಡು, ಊರಿಗೆ ಹಿಂದಿರುಗಿ, ಉಗಿಯಿಂದ ನೀರು ಕಾಯಿಸುವ ಏರ್ಪಾಡನ್ನು ತನ್ನ ಸ್ವಂತ ಹಣದಿಂದಲೇ ಮಾಡಿದನು. ಅವನ ನೂಲು ಸಮನಾಗಿಯೂ ಶುಭ್ರವಾಗಿಯೂ ಇದ್ದಿತು. ಒಳ್ಳೆಯ ಬೆಲೆಗೆ ಮಾರಿಹೋಯಿತು. ನೆರೆಹೊರೆಯವರೂ ಅವನನ್ನು ಅನುಸರಿಸಿದರು. ಹೊಸದನ್ನು ಗ್ರಹಿಸುವ ಬುದ್ಧಿಯಲ್ಲಾಗಲಿ ಸಾಹಸದಲ್ಲಾಗಲಿ ಚೀನೀಯನು ಹಿಂದಿರಲಿಲ್ಲ. ಜಪಾನಿನಲ್ಲಿ ಸರ್ಕಾರ ಮಾಡಿದ ಕೆಲಸವನ್ನು ಇಲ್ಲಿ ಒಬ್ಬ ಗೃಹಸ್ಥನೇ ಮಾಡಿದನು.

1881ರಲ್ಲಿ ಗೂಡಿನ ಬೆಳೆ ಸಾಲದೆ ಕೈಮಗ್ಗದ ನೇಕಾರರಿಗೆ ನೂಲು ದುರ್ಲಭವಾಯಿತು. ಕಾರ್ಖಾನೆಗಳು ಗೂಡನ್ನೆಲ್ಲ ಕಬಳಿಸುತ್ತಿವೆಯೆಂದು ಅವರು ಸಿಟ್ಟಿಗೆದ್ದು ಒಂದು ಕಾರ್ಖಾನೆಯನ್ನು ಮುತ್ತಿ ಧ್ವಂಸಮಾಡಿದರು. ಗಲಭೆಯಲ್ಲಿ ಪ್ರಾಣಹಾನಿಯೂ ಆಯಿತು. ನಮ್ಮ ಕಡೆಯ ಅಮಲ್ದಾರರಿಗೆ ಸಮಾನನೆನ್ನಬಹುದಾದ ಆ ಸೀಮೆಯ ಅಧಿಕಾರಿ ಕಾರ್ಖಾನೆಗಳನ್ನೆಲ್ಲ ಮುಚ್ಚಬೇಕೆಂದು ಅಪ್ಪಣೆ ಮಾಡಿದನು. ಯಂತ್ರವು ಹಲವರ ಅನ್ನವನ್ನು ಕಿತ್ತು ಕೆಲವರಿಗೆ ಕೊಡುತ್ತದೆ, ಗಂಡಸರೂ ಹೆಂಗಸರೂ ಒಂದೆಡೆ ಕೆಲಸ ಮಾಡುವುದು ಮರ್ಯಾದೆಯಲ್ಲ ಎಂಬುವು ಅವನು ಕೊಟ್ಟ ಕಾರಣಗಳು. ಚೆನ್ ತನ್ನ ಯಂತ್ರಗಳನ್ನು ಪೋರ್ಚುಗೀಸರ ಮಕಾವ್‌ಗೆ ಸಾಗಿಸಿಕೊಂಡು ಹೋಗಿ, ಕೆಲವು ವರ್ಷ ಅಲ್ಲಿದ್ದು, ಅನಂತರ ಹಿಂದಿರುಗಿದನು.

ಈ ಕಥೆಯನ್ನು ಕೇಳಿ ನೇಕಾರರನ್ನು ಮೂಢರೆಂದು ಹಳಿಯುವುದು ನ್ಯಾಯವಲ್ಲ. ಅವರ ಹಸಿವು ನಿಜವಾದುದು. ಆ ಅಧಿಕಾರಿಯನ್ನು ಮಾತ್ರ ದೂಷಿಸುವುದೂ ಸರಿಯಲ್ಲ. ತನ್ನ ಸೀಮೆಯಲ್ಲಿ ಗಲಭೆಯಾಗದಂತೆ ನೋಡಿಕೊಳ್ಳುವುದು, ಕಂದಾಯವನ್ನು ಕಳುಹಿಸುವುದು ಎಂಬ ಎರಡು ಕರ್ತವ್ಯಗಳನ್ನು ಮೇಲಿನವರು ಅವನಿಗೆ ವಿಧಿಸಿದ್ದರು. ಕೈಗಾರಿಕೆಯನ್ನು ಬೆಳೆಸುವುದು, ಕೆಲಸ ಕಳೆದುಕೊಂಡವರಿಗೆ ಬೇರೆ ದಾರಿ ಕಾಣಿಸುವುದು ಅವನ ಕರ್ತವ್ಯದ ಪಟ್ಟಿಯಲ್ಲಿರಲಿಲ್ಲ. 1850ರಿಂದ 1864ರವರೆಗೆ ನಡೆದ ತೈಪಿಂಗ್ ದಂಗೆಯಿಂದ ಚೀನಾದ ಕೇಂದ್ರ ಸರ್ಕಾರ ಸೊರಗಿದ್ದಿತು. ಯಾಂಗ್‌ಟ್ಸೆ ನದಿಯ ಕೆಳಸೀಮೆಯಲ್ಲಿದ್ದ ರೇಷ್ಮೆಯ ನಾಡೇ ಆ ಯುದ್ಧದ ಬೀಡಾಗಿದ್ದಿತು. ದಂಗೆಯನ್ನು ಅಡಗಿಸುವ ವೆಚ್ಚಕ್ಕೆಂದು 1853ರಲ್ಲಿ ಲಿಕಿನ್ ಎಂಬ ದಾರಿಸುಂಕವನ್ನು ಹಾಕಿದರು. ದಂಗೆ ಮುಗಿದರೂ ಸುಂಕ ಉಳಿಯಿತು. ಹಳ್ಳಿಯಿಂದ ಹೊರಟ ಸರಕು ಪಟ್ಟಣವನ್ನು ಸೇರುವಷ್ಟರಲ್ಲಿ ಒಂದಾದಮೇಲೊಂದು ಸುಂಕದಕಟ್ಟೆಯನ್ನು ದಾಟಬೇಕಾಗಿದ್ದಿತು. ಹೀಗಿರುವಲ್ಲಿ ದೂರದ ಕಾರ್ಖಾನೆಗೆ ಒಳ್ಳೆಯ ಗೂಡನ್ನು ಬೆಳೆದು ಕಳುಹಿಸುವ ಉತ್ಸಾಹ ರೈತನಿಗೆ ಎಲ್ಲಿಂದ ಬಂದೀತು?

ಇಷ್ಟಾದರೂ ಕ್ಯಾಂಟನ್ ಸೀಮೆಯಲ್ಲಿ ಕಾರ್ಖಾನೆಗಳು ಮತ್ತೆ ತಲೆಯೆತ್ತಿದವು. ಚೀನಾದ ನೂಲಿನ ರಫ್ತು ಕುಗ್ಗಲಿಲ್ಲ, ಬೆಳೆಯಿತು. ಆದರೆ ಜಪಾನಿನದು ಅದಕ್ಕಿಂತ ಬಹಳ ವೇಗವಾಗಿ ಬೆಳೆದು, 1909ರ ಸುಮಾರಿಗೆ ಚೀನಾವನ್ನು ಹಿಂದೆ ಹಾಕಿ ಪ್ರಪಂಚದಲ್ಲಿ ಮೊದಲಿನದಾಯಿತು. ಅಲ್ಲಿಂದ ಮುಂದೆ ಎರಡು ದಶಕಗಳ ಕಾಲ ಅದಕ್ಕೆ ಎದುರಿರಲಿಲ್ಲ. ಇದು ತೊಮಿಯೊಕದ ಮಹಿಮೆಯೆ? ಅಲ್ಲ. ಸರ್ಕಾರ ನಡೆಸಿದ ಆ ಕಾರ್ಖಾನೆ ಬಹುಕಾಲ ನಷ್ಟದಲ್ಲಿದ್ದು, ಕೊನೆಗೆ 1893ರಲ್ಲಿ ಖಾಸಗಿಯವರಿಗೆ ಮಾರಾಟವಾಯಿತು. ಅಲ್ಲಿ ಕಲಿತ ಹೆಣ್ಣುಮಕ್ಕಳು ತಮ್ಮ ಊರುಗಳಿಗೆ ಹಿಂದಿರುಗಿ ಇತರರಿಗೆ ಕಲಿಸಿದುದೇ ಅದರ ಲಾಭ. ನಾಗನೊ ಪ್ರಾಂತದ ಸಣ್ಣ ವರ್ತಕರು ಫ್ರೆಂಚ್ ಯಂತ್ರದ ಕಬ್ಬಿಣಕ್ಕೆ ಬದಲಾಗಿ ಮರವನ್ನೂ ಲೋಹದ ಬಾಣಲೆಗೆ ಬದಲಾಗಿ ಮಣ್ಣಿನ ಬಾಣಲೆಯನ್ನೂ ಬಳಸಿ, ಅಲ್ಪ ವೆಚ್ಚದಲ್ಲಿ ಅದೇ ಕೆಲಸವನ್ನು ಮಾಡಿಕೊಂಡರು. ತಂದ ಯಂತ್ರವನ್ನು ತನ್ನ ಮನೆಗೆ ಒಗ್ಗಿಸಿಕೊಳ್ಳಬಲ್ಲವರು ಊರೂರಿನಲ್ಲಿ ಇದ್ದುದೇ ಇಲ್ಲಿಯ ವಿಶೇಷ.

ಅಂತಹವರು ಹೇಗೆ ಬಂದರು? ಇದಕ್ಕೆ ಉತ್ತರವನ್ನು ಕಾರ್ಖಾನೆಯ ಹೊರಗೆ ಹುಡುಕಬೇಕು. ಮೂರು ಸಂಗತಿಗಳನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಮೊದಲನೆಯದು ಓದು. ಹುಳು ಸಾಕುವ ವಿದ್ಯೆಯನ್ನು ಕುರಿತು ಜಪಾನೀ ಭಾಷೆಯಲ್ಲಿ 1803ರಲ್ಲಿಯೇ ಪ್ರಕಟವಾಗಿದ್ದ ಒಂದು ಗ್ರಂಥ 1848ರಲ್ಲಿ ಫ್ರೆಂಚಿಗೆ ಭಾಷಾಂತರವಾಗುವಷ್ಟು ಬೆಲೆಯುಳ್ಳದ್ದಾಗಿದ್ದಿತು. ಚೀನಾದಲ್ಲಿಯೂ ಅಂತಹ ಗ್ರಂಥಗಳು ಇನ್ನೂ ಹಿಂದಿನಿಂದ ಇದ್ದವು. ಆದರೆ 1872ರಲ್ಲಿ ಜಪಾನಿನ ಸರ್ಕಾರ ಪ್ರತಿಯೊಂದು ಹಳ್ಳಿಯ ಗಂಡು ಹೆಣ್ಣು ಮಕ್ಕಳಿಗೂ ಪಾಠಶಾಲೆ ಬೇಕೆಂದು ಶಾಸನ ಮಾಡಿತು. ಮೊದಲು ಜನ ಶುಲ್ಕವನ್ನು ಶಪಿಸಿದರು. ಕೆಲವೆಡೆ ಶಾಲೆಗಳನ್ನೇ ಸುಟ್ಟರು. ಆದರೂ 20ನೆಯ ಶತಮಾನದ ಮೊದಲ ದಶಕದ ಹೊತ್ತಿಗೆ ನೂರು ಮಕ್ಕಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿ ಶಾಲೆಯ ದಾಖಲೆಯಲ್ಲಿದ್ದರು. ಚೀನಾದಲ್ಲಿ ವಿದ್ಯೆಗೆ ಗೌರವ ಕಡಿಮೆಯಿರಲಿಲ್ಲ. ಆದರೆ ಅದು ಸರ್ಕಾರಿ ಪದವಿಗೆ ಏರುವ ಪರೀಕ್ಷೆಯ ವಿದ್ಯೆಯಾಗಿದ್ದಿತು, ಮತ್ತು ಆ ಪರೀಕ್ಷೆಗಳು ರದ್ದಾದುದು 1905ರಲ್ಲಿ.

ಎರಡನೆಯದು ಭೂಮಿಯ ಹಕ್ಕು ಮತ್ತು ಕಂದಾಯದ ನಿಶ್ಚಯ. 1873ರಲ್ಲಿ ಜಪಾನಿನ ರೈತನಿಗೆ ಅವನ ಭೂಮಿಯ ಪಟ್ಟೆ ದೊರೆಯಿತು. ಬೆಳೆಯಲ್ಲಿ ಪಾಲು ಕೊಡುವ ಪದ್ಧತಿ ಹೋಗಿ, ಭೂಮಿಯ ಬೆಲೆಯಲ್ಲಿ ನೂರಕ್ಕೆ 3ರಂತೆ ನಗದು ಕಂದಾಯ ಗೊತ್ತಾಯಿತು. ರೈತರು ದಂಗೆಯೆದ್ದ ಮೇಲೆ 1877ರಲ್ಲಿ ಅದು ನೂರಕ್ಕೆ ಎರಡೂವರೆಗೆ ಇಳಿಯಿತು. ಇದು ಹಗುರವಾದ ಹೊರೆಯೇನೂ ಅಲ್ಲ. ಆದರೆ ಗೊತ್ತಾದ ಹೊರೆ. ಹಿಪ್ಪುನೇರಳೆಯನ್ನು ಹಾಕಿ ಎರಡು ಕಾಸು ಹೆಚ್ಚು ಸಂಪಾದಿಸಿದರೆ ಆ ಎರಡು ಕಾಸು ತನ್ನದೇ ಎಂಬ ಧೈರ್ಯ ರೈತನಿಗೆ ಉಂಟಾಯಿತು.

ಮೂರನೆಯದು ನಂಬಿಕೆಯನ್ನು ಕಾಯುವ ವ್ಯವಸ್ಥೆ. ಗಂಟುರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುವುದನ್ನೂ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದನ್ನು ತಡೆಗಟ್ಟಬಹುದೆಂಬುದನ್ನೂ ಲೂಯಿ ಪಾಶ್ಚರ್ ಮಹಾಶಯನು 1865ರಿಂದ 1870ರ ಒಳಗೆ ತೋರಿಸಿಕೊಟ್ಟನು. ಈ ಜ್ಞಾನ ಗುಟ್ಟಾಗಿರಲಿಲ್ಲ. ಪ್ರಪಂಚದ ಎಲ್ಲರ ಸೊತ್ತಾಗಿದ್ದಿತು. ಆದರೆ ಮೊಟ್ಟೆಯನ್ನು ಕೊಳ್ಳುವ ರೈತ ಅದರೊಳಗಿನ ರೋಗವನ್ನು ಕಣ್ಣಿನಿಂದ ಕಾಣಲಾರ. ಮಾರುವವನ ಮಾತನ್ನೇ ನಂಬಬೇಕು. ಜಪಾನಿನ ಸರ್ಕಾರ 1886ರಲ್ಲಿ ನಿಯಮಗಳ ಮೂಲಕವೂ 1897ರಲ್ಲಿ ಕಾನೂನಿನ ಮೂಲಕವೂ ಮೊಟ್ಟೆಗಳ ಪರೀಕ್ಷೆಯನ್ನು ಕಡ್ಡಾಯ ಮಾಡಿತು. 1896ರಲ್ಲಿ ಯೊಕೊಹಾಮಾದಲ್ಲಿ ನೂಲಿನ ಪರೀಕ್ಷಾಲಯ ಆರಂಭವಾಯಿತು. ಹಿಂದೆ ಬೆರಕೆಗೆ ಹೆಸರಾಗಿದ್ದ ಅದೇ ಬಂದರದಿಂದ ಈಗ ತೂಕ, ತೇವ, ದಪ್ಪ ಎಲ್ಲವೂ ಗೊತ್ತಾದ ನೂಲು ಹೊರಟಿತು. ಮುಂದೆ 1906ರಲ್ಲಿ ತೊಯಾಮ ಕಮೆತಾರೊ ಎಂಬ ವಿಜ್ಞಾನಿ ಮೆಂಡಲನ ನಿಯಮಗಳು ರೇಷ್ಮೆಹುಳುವಿಗೂ ಅನ್ವಯಿಸುವುವೆಂದು ತೋರಿಸಿ, ಎರಡು ತಳಿಗಳನ್ನು ಕೂಡಿಸಿದ ಮೊದಲ ಸಂತಾನವನ್ನು ಸಾಕಬೇಕೆಂದು ಸೂಚಿಸಿದನು. ಮುಂದಿನ ಎರಡು ದಶಕಗಳಲ್ಲಿ ಜಪಾನಿನ ರೈತರು ಬಹುಮಟ್ಟಿಗೆ ಮಿಶ್ರತಳಿಗೆ ಬಂದಿದ್ದರು.

ಚೀನಾದಲ್ಲಿ ಇಂತಹ ಪ್ರಯತ್ನ ನಡೆಯಲೇ ಇಲ್ಲವೆಂದಲ್ಲ. ಹಾಂಗ್‌ಚೌ ನಗರದ ಅಧಿಕಾರಿ ಲಿನ್ ಚಿ 1897ರಲ್ಲಿ ಒಂದು ರೇಷ್ಮೆಯ ಪಾಠಶಾಲೆಯನ್ನು ಸ್ಥಾಪಿಸಿದನು. ಒಂದು ಪಾಠಶಾಲೆ ಒಂದು ದೀಪವಾದೀತು. ಒಂದು ಖಂಡದಷ್ಟು ವಿಸ್ತಾರವಾದ ದೇಶಕ್ಕೆ ಅದು ಬೆಳಕಾಗಬೇಕಾದರೆ ಅದರ ಹಿಂದೆ ಬಲವುಳ್ಳ ಸರ್ಕಾರವಿರಬೇಕಾಗಿದ್ದಿತು.

ಚೀನಾದ ಸರ್ಕಾರ ದುರ್ಬಲವಾದುದು ತನ್ನ ದೋಷದಿಂದ ಮಾತ್ರವಲ್ಲ. ದೇಶಗಳ ಸಿರಿಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪ್ರತಿಯೊಂದು ದೇಶವನ್ನೂ ಪ್ರತ್ಯೇಕವಾದ ಹೊಲದಂತೆ ಭಾವಿಸುತ್ತಾರೆ. ಒಂದು ಹೊಲದ ನೀರನ್ನು ಇನ್ನೊಂದು ಹೊಲಕ್ಕೆ ತಿರುಗಿಸಿಕೊಂಡ ಸಂಗತಿ ಮರೆತುಹೋಗುತ್ತದೆ. 1894-95ರ ಯುದ್ಧದಲ್ಲಿ ಸೋತ ಚೀನಾ ಜಪಾನಿಗೆ 20 ಕೋಟಿ ಟೇಲ್ ಬೆಳ್ಳಿಯನ್ನು ದಂಡವಾಗಿ ತೆರಬೇಕಾಯಿತು. ಆ ಹಣದ ಬಲದಿಂದಲೇ ಜಪಾನು 1897ರಲ್ಲಿ ಚಿನ್ನದ ನಾಣ್ಯಪದ್ಧತಿಗೆ ಬಂದಿತು. 1901ರಲ್ಲಿ ಕೆಲಸ ಆರಂಭಿಸಿದ ಯವಾತ ಉಕ್ಕಿನ ಕಾರ್ಖಾನೆಗೂ ಅದರಲ್ಲಿ ಒಂದು ಪಾಲು ಸಂದಿತು. ಅದೇ 1901ರಲ್ಲಿ ಚೀನಾ ಪರರಾಷ್ಟ್ರಗಳಿಗೆ ಮತ್ತೆ 45 ಕೋಟಿ ಟೇಲ್ ತೆರಲು ಒಪ್ಪಬೇಕಾಯಿತು. ಎರಡು ದೇಶಗಳ ಮೇಲೂ ಪಶ್ಚಿಮದ ರಾಷ್ಟ್ರಗಳು ಸುಂಕದ ವಿಷಯದಲ್ಲಿ ಅಸಮಾನವಾದ ಒಪ್ಪಂದಗಳನ್ನು ಹೇರಿದ್ದವು. ಜಪಾನು ಆ ಬಂಧನದಿಂದ 1911ರಲ್ಲಿ ಬಿಡಿಸಿಕೊಂಡಿತು. ಚೀನಾಕ್ಕೆ ಇನ್ನೂ ಸುಮಾರು ಇಪ್ಪತ್ತು ವರ್ಷ ಬೇಕಾಯಿತು.

ಜಪಾನಿನ ಏಳಿಗೆಯ ಬೆಲೆಯನ್ನು ಜಪಾನಿನ ಬಡವರೂ ತೆತ್ತರು. 1880ರ ದಶಕದಲ್ಲಿ ಸರ್ಕಾರ ನಾಣ್ಯವನ್ನು ಬಿಗಿಮಾಡಿದಾಗ ರೇಷ್ಮೆಯ ಬೆಲೆ ಕುಸಿಯಿತು. ಸಾಲದಲ್ಲಿ ಮುಳುಗಿದ ಚಿಚಿಬು ಸೀಮೆಯ ರೈತರು 1884ರಲ್ಲಿ ದಂಗೆಯೆದ್ದರು. ಸೈನ್ಯ ಬಂದು ಅಡಗಿಸಿತು. ನೂಲಿನ ಕಾರ್ಖಾನೆಗಳಲ್ಲಿ ದುಡಿದವರು ಹಳ್ಳಿಯ ಹೆಣ್ಣುಮಕ್ಕಳು. ತಂದೆ ಮುಂಗಡವನ್ನು ಪಡೆದು ಮುದ್ರೆಯೊತ್ತಿದರೆ, ಮಗಳು ಬಿಸಿನೀರಿನ ಬಾಣಲೆಯ ಮುಂದೆ ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ದುಡಿಯಬೇಕಾಗಿದ್ದಿತು. ಕ್ಷಯರೋಗವನ್ನು ಹೊತ್ತು ಮನೆಗೆ ಹಿಂದಿರುಗಿದವರು ಹಲವರು. 1886ರಲ್ಲಿ ಕೊಫು ನಗರದ ಕಾರ್ಖಾನೆಯೊಂದರಲ್ಲಿ ಈ ಹೆಣ್ಣುಮಕ್ಕಳು ಮುಷ್ಕರ ಹೂಡಿದರು. ಕಾರ್ಖಾನೆಗಳ ಕಾನೂನು ಬಂದುದು 1911ರಲ್ಲಿ. ಅದು ಜಾರಿಯಾದುದು 1916ರಲ್ಲಿ. ಯುದ್ಧನೌಕೆಗಳನ್ನೂ ಯಂತ್ರಗಳನ್ನೂ ಕೊಂಡ ವಿದೇಶೀ ಹಣದಲ್ಲಿ ಈ ಬೆರಳುಗಳ ದುಡಿಮೆಯ ಪಾಲು ದೊಡ್ಡದು. ವರಮಾನದ ವೃದ್ಧಿ ಒಂದು, ಜನರ ಅಭ್ಯುದಯ ಇನ್ನೊಂದು. ಮೊದಲನೆಯದು ಬಂದ ಮಾತ್ರಕ್ಕೆ ಎರಡನೆಯದು ತಾನಾಗಿ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1929ರಲ್ಲಿ ಅಮೆರಿಕಾದ ಪೇಟೆ ಕುಸಿದಾಗ ರೇಷ್ಮೆಯ ಬೆಲೆ ನೆಲ ಕಚ್ಚಿತು. ಒಂದೇ ಬೆಳೆಯನ್ನು ನಂಬಿದ್ದ ನಾಗನೊದ ಹಳ್ಳಿಗಳು ಕಂಗೆಟ್ಟವು. ಅಲ್ಲಿಯ ಅನೇಕ ಕುಟುಂಬಗಳನ್ನು ಮುಂದಿನ ವರ್ಷಗಳಲ್ಲಿ ಮಂಚೂರಿಯಾಕ್ಕೆ, ಎಂದರೆ ಜಪಾನು ಚೀನಾದಿಂದ ಕಿತ್ತುಕೊಂಡಿದ್ದ ನೆಲಕ್ಕೆ, ಒಕ್ಕಲು ಕಳುಹಿಸಿದರು. 1937ರಲ್ಲಿ ಆರಂಭವಾದ ಯುದ್ಧ ಯಾಂಗ್‌ಟ್ಸೆ ಸೀಮೆಯ ರೇಷ್ಮೆಯನ್ನು ಹಾಳುಗೆಡವಿತು. 1940ರಲ್ಲಿ ನೈಲಾನ್ ಕಾಲುಚೀಲಗಳು ಪೇಟೆಗೆ ಬಂದು, ಜಪಾನಿನ ನೂಲಿನ ಮುಖ್ಯವಾದ ಗಿರಾಕಿಯೂ ಕೈಬಿಟ್ಟುಹೋಯಿತು.

ಇಂದಿನ ಸ್ಥಿತಿ ಏನು? 1970ರ ದಶಕದಲ್ಲಿ ಚೀನಾ ರೇಷ್ಮೆಯ ಉತ್ಪತ್ತಿಯಲ್ಲಿ ತನ್ನ ಹಳೆಯ ಸ್ಥಾನವನ್ನು ಮತ್ತೆ ಪಡೆಯಿತು. ಈಗ ಪ್ರಪಂಚದಲ್ಲಿ ಮೊದಲನೆಯದು ಅದೇ, ಎರಡನೆಯದು ಭಾರತ. ಜಪಾನಿನಲ್ಲಿ ಹುಳು ಸಾಕುವ ಮನೆಗಳು ಬೆರಳೆಣಿಕೆಗೆ ಇಳಿದಿವೆ. ತೊಮಿಯೊಕದ ಕಾರ್ಖಾನೆ 2014ರಿಂದ ವಿಶ್ವಪರಂಪರೆಯ ಸ್ಮಾರಕವಾಗಿದೆ. ರೇಷ್ಮೆ ಹೋಯಿತೆಂದು ಜಪಾನು ಬಡವಾಗಲಿಲ್ಲ. ಚೀನಾದ ಜನರಾದರೂ, 1978ರ ಅನಂತರದ ಸುಧಾರಣೆಗಳಲ್ಲಿ ರೈತನ ಹೆಚ್ಚಿನ ಬೆಳೆ ರೈತನಿಗೇ ಸಲ್ಲುವಂತಾದ ಮೇಲೆ, ಪ್ರಪಂಚವೇ ಬೆರಗಾಗುವಂತೆ ಮುನ್ನುಗ್ಗಿದರು. ಜನ ಅದೇ ಜನ; ನೆಲ ಅದೇ ನೆಲ.

ಇದರಿಂದ ನಾವು ತಿಳಿಯಬೇಕಾದುದು ಇಷ್ಟು: ದೇಶದ ಸಿರಿ ಇರುವುದು ಅದು ಮಾರುವ ಸರಕಿನಲ್ಲಿ ಅಲ್ಲ. ಹೊಸ ತಿಳಿವಳಿಕೆಯನ್ನು ಓದಿ ಗ್ರಹಿಸಬಲ್ಲವರು ಎಷ್ಟು ಮಂದಿ, ದುಡಿದ ಫಲ ತಮ್ಮದೇ ಎಂಬ ಧೈರ್ಯವುಳ್ಳವರು ಎಷ್ಟು ಮಂದಿ, ಕಣ್ಣಿಗೆ ಕಾಣದ ವಿಷಯದಲ್ಲಿ ಒಬ್ಬರನ್ನೊಬ್ಬರು ನಂಬಲು ಆಧಾರವಾದ ವ್ಯವಸ್ಥೆ ಎಷ್ಟು ದೃಢ ಎಂಬುದರಲ್ಲಿ ಅದು ಇರುತ್ತದೆ. ಇವು ಮೂರೂ ಇದ್ದಲ್ಲಿ ಒಂದು ಕಸಬು ಅಳಿದರೆ ಜನ ಇನ್ನೊಂದನ್ನು ಹಿಡಿಯುತ್ತಾರೆ. ಇವು ಇಲ್ಲದಿದ್ದಲ್ಲಿ ಚೆನ್ ಚಿಯುವಾನನಂತಹ ಸಾಹಸಿಯೂ ಯಂತ್ರವನ್ನು ಕಟ್ಟಿಕೊಂಡು ಪರರ ಊರಿಗೆ ಹೋಗಬೇಕಾಗುತ್ತದೆ.

ಈ ಪಾಠ ನಮ್ಮ ನಾಡಿಗೆ ಹೊಸದಲ್ಲ. 19ನೆಯ ಶತಮಾನದ ಕೊನೆಯಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಜಪಾನೀ ತಜ್ಞರನ್ನು ಕರೆಯಿಸಿ ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ಏರ್ಪಡಿಸಿದರು. 1898ರಲ್ಲಿ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಅಲ್ಲಿಯ ಶಾಲೆಗಳನ್ನೂ ಕೈಗಾರಿಕೆಗಳನ್ನೂ ನೋಡಿಬಂದರು. ಅವರು ದಿವಾನರಾಗಿದ್ದಾಗ, 1914ರಲ್ಲಿ, ಮೈಸೂರು ಸಂಸ್ಥಾನದಲ್ಲಿ ರೇಷ್ಮೆಯ ಇಲಾಖೆ ಸ್ಥಾಪಿತವಾಯಿತು. ಇಂದು ಭಾರತದ ರೇಷ್ಮೆಯಲ್ಲಿ ಕರ್ನಾಟಕದ್ದು ಮೊದಲ ಸ್ಥಾನ. ಆದರೆ ಆ ಸ್ಥಾನಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಗೂಡು ತೂಗುವಲ್ಲಿ ರೈತನಿಗೆ ನ್ಯಾಯ ದೊರೆಯುತ್ತಿದೆಯೆ? ನೂಲು ತೆಗೆಯುವ ಹೆಣ್ಣುಮಗಳ ಕೈ ಬಿಸಿನೀರಿನಲ್ಲಿ ಬೆಂದದ್ದಕ್ಕೆ ತಕ್ಕ ಕೂಲಿ ಬರುತ್ತಿದೆಯೆ? ಅವಳ ಮಗಳು ಶಾಲೆಯಲ್ಲಿದ್ದಾಳೆಯೆ? ದೇಶಗಳ ಐಶ್ವರ್ಯವನ್ನು ಅಳೆಯುವ ದೊಡ್ಡ ದೊಡ್ಡ ಅಂಕಿಗಳ ಹಿಂದೆ ಇರುವುದು ಈ ಸಣ್ಣ ಪ್ರಶ್ನೆಗಳೇ. ಇವಕ್ಕೆ ಹೌದೆಂದು ಉತ್ತರ ಹೇಳಬಲ್ಲ ನಾಡು ಇಂದು ಹಿಂದುಳಿದಿದ್ದರೂ ನಾಳೆ ಹಿಂದುಳಿಯುವುದಿಲ್ಲವೆಂದು ಚರಿತ್ರೆಯ ಆಧಾರದಿಂದ ನಾವು ಧೈರ್ಯವಾಗಿ ಹೇಳಬಹುದು.